ವಾರಂಟಿ ವರ್ಷದ ಲೆಕ್ಕ, ರಿಪೇರಿ ದಿನದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಮೇಜಿನ ಮೇಲಿರುವುದನ್ನು ಒಮ್ಮೆ ನೋಡಿಬಿಡಿ. ಇದು ಎಲೆಕ್ಟ್ರಿಕ್ ಸೈಕಲ್ಲಿನ ಹಿಂದಿನ ಗಾಲಿಯ ಮೋಟಾರು. ಮುಚ್ಚಳ ಬಿಚ್ಚಿ ತಂದಿದ್ದೇನೆ. ಮುಂದಿನ ಸಾಲಿನವರು ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ಕಳಿಸಿ. ಒಳಗೆ ಗ್ರೀಸ್ ಇದೆ, ಬಟ್ಟೆಗೆ ತಾಗದ ಹಾಗೆ ನೋಡಿಕೊಳ್ಳಿ. ಅದರ ಜೊತೆ ಒಂದು ಬಿಳಿ ರಟ್ಟಿನ ಚೂರು ಬರುತ್ತದೆ. ಅದರ ಮೇಲೆ ಮೂರು ಕಾಲಿನ ಒಂದು ಕಪ್ಪು ಚುಕ್ಕೆ ಅಂಟಿಸಿದ್ದೇನೆ. ಕಿರುಬೆರಳಿನ ಉಗುರಿನ ಅರ್ಧದಷ್ಟೂ ಇಲ್ಲದ ಆ ವಸ್ತುವಿಗೆ ಹಾಲ್ ಸೆನ್ಸರ್ ಎನ್ನುತ್ತಾರೆ, ಅಯಸ್ಕಾಂತವನ್ನು ಗುರುತಿಸುವ ಭಾಗ ಅದು. ಅದು ಸತ್ತದ್ದಕ್ಕೆ ನನ್ನ ಸೈಕಲ್ 83 ದಿನ ಗೋಡೆಗೆ ಒರಗಿ ನಿಂತಿತ್ತು.

ಆ 83 ದಿನಗಳ ವಿಚಾರ ಮಾತಾಡಲು ಬಂದಿದ್ದೇನೆ.

ನಾನು ಸುಮಾರು ಮೂವತ್ತು ವರ್ಷ ಮೋಟಾರು ರೀವೈಂಡಿಂಗ್ ಮಾಡಿದವನು. ನೀರೆತ್ತುವ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಫ್ಯಾನು, ಎಲ್ಲವೂ ಕೈಯಲ್ಲಿ ಹಾದುಹೋಗಿವೆ. ಸುಟ್ಟ ಮೋಟಾರನ್ನು ಬೆಳಿಗ್ಗೆ ಹೊತ್ತು ತಂದವರು ಮಾರನೆಯ ದಿನ ಸಂಜೆಗೆ ಹೊತ್ತುಕೊಂಡು ಹೋಗುತ್ತಿದ್ದರು. ಅವರ ಕೆಲಸ ನಿಂತಿರುತ್ತದೆ ಎನ್ನುವುದು ನಮಗೆ ಗೊತ್ತಿತ್ತು, ಅದಕ್ಕೇ ರಾತ್ರಿ ಕೂತು ಕಾಯಿಲ್ ಸುತ್ತುತ್ತಿದ್ದೆವು. ಅಂಥ ನನಗೆ, ನನ್ನದೇ ಸೈಕಲ್ಲಿನ ಮೋಟಾರನ್ನು ಮುಟ್ಟಬೇಡಿ, ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದರು. ಮುಟ್ಟಲಿಲ್ಲ. ಕಾದೆ.

ನಡೆದದ್ದು ಇಷ್ಟು. ಕೊಂಡ ಹದಿನಾಲ್ಕನೆಯ ತಿಂಗಳು, ಒಂದು ಏರು ಹತ್ತುತ್ತಿದ್ದೆ. ಗಾಲಿ ಒಮ್ಮೆ ಗಡಗಡ ನಡುಗಿತು, ಹಿಂದಿನಿಂದ ಯಾರೋ ಹಿಡಿದು ಎಳೆದ ಹಾಗಾಯಿತು, ಆಮೇಲೆ ಮೋಟಾರು ತಳ್ಳುವುದನ್ನೇ ಬಿಟ್ಟಿತು. 24 ಕಿಲೋ ತೂಕದ ಸೈಕಲ್ಲನ್ನು ತುಳಿದುಕೊಂಡು, ತುಳಿಯಲಾಗದ ಕಡೆ ನೂಕಿಕೊಂಡು ಮನೆ ಸೇರಿದೆ. ವಾರಂಟಿ ಎರಡು ವರ್ಷದ್ದು, ಚಿಂತೆಯಿಲ್ಲ ಅಂದುಕೊಂಡೆ. ಕಂಪನಿಗೆ ಬರೆದೆ. ಒಂಬತ್ತು ದಿನ ಬಿಟ್ಟು, ಕೆಟ್ಟಿರುವುದರ ವಿಡಿಯೋ ಕಳಿಸಿ ಎಂದರು. ಕಳಿಸಿದೆ. ಡಿಸ್‌ಪ್ಲೇ ಕಾಣುವ ಹಾಗೆ ಇನ್ನೊಂದು ಕಳಿಸಿ ಎಂದರು. ಅದನ್ನೂ ಕಳಿಸಿದೆ. ಆಮೇಲೆ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ ಎಂದರು. ಅಲ್ಲಿದ್ದ ಹುಡುಗ ನೋಡಿದ, ಅವನಿಗೂ ಹಾಲ್ ಸೆನ್ಸರ್ ಮೇಲೆಯೇ ಅನುಮಾನ. ಆದರೆ ಸೆನ್ಸರ್ ಬದಲಿಸುವ ಅನುಮತಿ ಅವನಿಗಿರಲಿಲ್ಲ, ಅವನ ಪಟ್ಟಿಯಲ್ಲಿ ಅಂಥ ಬಿಡಿಭಾಗದ ಹೆಸರೇ ಇರಲಿಲ್ಲ. ಪಟ್ಟಿಯಲ್ಲಿದ್ದದ್ದು ಒಂದೇ: ಗಾಲಿ ಸಮೇತ ಮೋಟಾರು. ಆ ಗಾಲಿ ಗೋದಾಮಿನಲ್ಲಿ ಇರಲಿಲ್ಲ. ಮುಂದಿನ ಹಡಗಿನ ಸರಕಿನಲ್ಲಿ ಬರಬೇಕಿತ್ತು.

83ನೆಯ ದಿನ ಹೊಸ ಗಾಲಿ ಬಂತು. ಹಳೆಯದನ್ನು ವಾಪಸ್ ಸಾಗಿಸುವ ಖರ್ಚು ಅವರಿಗೆ ಬೇಡವಾಗಿತ್ತು, ನೀವೇ ಇಟ್ಟುಕೊಳ್ಳಿ ಎಂದರು. ಅದೇ ಸಂಜೆ ಬಿಚ್ಚಿದೆ. ಸತ್ತ ಸೆನ್ಸರ್ ಕಿತ್ತು ಹೊಸದನ್ನು ಬೆಸೆದು, ಅಂಟು ಆರುವವರೆಗೆ ಕಾದದ್ದೂ ಸೇರಿ ಎರಡು ಗಂಟೆ ಹಿಡಿಯಿತು. ಎರಡು ಗಂಟೆಯ ಕೆಲಸಕ್ಕೆ 83 ದಿನ. ಇದು ಹೇಗೆ ಆಗುತ್ತದೆ ಎಂದು ತಿಳಿದುಕೊಳ್ಳದೆ ನನಗೆ ಸಮಾಧಾನವಾಗಲಿಲ್ಲ.

ಗಾಲಿಯ ಗುಂಬದಲ್ಲಿ ಮೋಟಾರು ಕೂರಿಸುವ ಯೋಚನೆ ಹೊಸದಲ್ಲ. ಆಗ್ಡೆನ್ ಬೋಲ್ಟನ್ ಜೂನಿಯರ್ ಎಂಬ ಅಮೆರಿಕನ್ನನಿಗೆ 1895ರ ಡಿಸೆಂಬರ್ 31ರಂದು ಸಿಕ್ಕ ಪೇಟೆಂಟಿನಲ್ಲೇ ಹಿಂದಿನ ಗಾಲಿಯೊಳಗೆ ಮೋಟಾರಿದೆ. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್‌ವರೆಗೆ ಎಳೆಯುವ, ಉಜ್ಜಿಕೊಂಡು ಕರೆಂಟು ಮುಟ್ಟಿಸುವ ಬ್ರಷ್ ಇರುವ ಮೋಟಾರು ಅದು. ಪೆಡಲ್ ತುಳಿದಷ್ಟಕ್ಕೆ ತಕ್ಕ ಹಾಗೆ ಮೋಟಾರು ಒತ್ತಾಸೆ ಕೊಡುವ ಸೈಕಲ್ಲನ್ನು ಯಮಾಹಾ 1993ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ತಂದಿತು. ಇವತ್ತಿನ ಮೋಟಾರುಗಳಲ್ಲಿ ಬ್ರಷ್ ಇಲ್ಲ. ಕಾಯಿಲ್ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ. ಯಾವ ಕಾಯಿಲಿಗೆ ಯಾವ ಕ್ಷಣ ಕರೆಂಟು ಕೊಡಬೇಕು ಎನ್ನುವುದನ್ನು ಕಂಟ್ರೋಲರ್ ಎಂಬ ಪೆಟ್ಟಿಗೆ ತೀರ್ಮಾನಿಸುತ್ತದೆ. ಅಯಸ್ಕಾಂತ ಈಗ ಎಲ್ಲಿದೆ ಎಂದು ಅದಕ್ಕೆ ಹೇಳುವ ಕಣ್ಣುಗಳೇ ಈ ಮೂರು ಹಾಲ್ ಸೆನ್ಸರುಗಳು.

ಒಂದೊಂದು ಸೆನ್ಸರೂ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಮೂರೂ ಸೇರಿದರೆ ಎಂಟು ಬಗೆಯ ಉತ್ತರ ಸಾಧ್ಯ. ಮೂರೂ ಇದೆ, ಮೂರೂ ಇಲ್ಲ ಎಂಬ ಎರಡು ಉತ್ತರಗಳು ಸರಿಯಿರುವ ಮೋಟಾರಿನಲ್ಲಿ ಬರುವುದಿಲ್ಲ. ಉಳಿದ ಆರು ಒಂದಾದ ಮೇಲೊಂದು ಬರುತ್ತಿದ್ದರೆ ಮೋಟಾರು ಎಣ್ಣೆ ಸುರಿದ ಹಾಗೆ ತಿರುಗುತ್ತದೆ. ಒಂದು ಕಣ್ಣು ಹೋಯಿತೆಂದರೆ ಕಂಟ್ರೋಲರಿಗೆ ಕೆಲವು ಕ್ಷಣ ತಪ್ಪು ಉತ್ತರ ಹೋಗುತ್ತದೆ, ತಪ್ಪು ಕಾಯಿಲಿಗೆ ಕರೆಂಟು ಹರಿಯುತ್ತದೆ, ಗಾಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಜಗ್ಗುತ್ತದೆ. ನನಗೆ ಏರಿನಲ್ಲಿ ಆದ ನಡುಕ ಅದೇ. ಕಾಯಿಲ್ ಸರಿಯಿತ್ತು, ಅಯಸ್ಕಾಂತ ಸರಿಯಿತ್ತು, ಬೇರಿಂಗ್ ಸರಿಯಿತ್ತು, ಗೇರೂ ಸರಿಯಿತ್ತು.

ಇದನ್ನು ಬಿಚ್ಚದೆಯೇ ಪರೀಕ್ಷಿಸಬಹುದು. ಮೋಟಾರಿನಿಂದ ಬರುವ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಮೂರು ದಪ್ಪ ವೈರು, ಐದು ಸಣ್ಣ ವೈರು ಇರುತ್ತವೆ. ಸಣ್ಣದರಲ್ಲಿ ಕೆಂಪು ಮತ್ತು ಕಪ್ಪು ಸೆನ್ಸರಿಗೆ ವಿದ್ಯುತ್ ಕೊಡುವವು, ಹಳದಿ, ಹಸಿರು, ನೀಲಿ ಉತ್ತರ ತರುವವು. ಸ್ವಿಚ್ ಹಾಕಿ, ಮಲ್ಟಿಮೀಟರಿನ ಕಡ್ಡಿಯನ್ನು ಒಂದೊಂದಕ್ಕೇ ತಾಗಿಸಿ ಗಾಲಿಯನ್ನು ನಿಧಾನ ತಿರುಗಿಸಿದರೆ ಸೊನ್ನೆಗೂ ಸುಮಾರು 5 ವೋಲ್ಟಿಗೂ ನಡುವೆ ಮುಳ್ಳು ಹೋಗಿ ಬರಬೇಕು. ಒಳಗೆ ಗೇರಿರುವ ಮೋಟಾರಾದರೆ ಗಾಲಿಯನ್ನು ಹಿಮ್ಮುಖವಾಗಿ ತಿರುಗಿಸಬೇಕು. ಮುಂದಕ್ಕೆ ತಿರುಗಿಸಿದರೆ ಒಳಗಿನ ಕ್ಲಚ್ ಜಾರಿ ಮೋಟಾರು ನಿಂತಲ್ಲೇ ಇರುತ್ತದೆ, ಮೂರೂ ಸೆನ್ಸರ್ ಸತ್ತಿವೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ನಾನು ಮೊದಲನೆಯ ದಿನವೇ ಮಾಡಿ, ಬರೆದು ಕಳಿಸಿದ್ದೆ. ಅದನ್ನು ಓದಿದ ಗುರುತು ಯಾವ ಉತ್ತರದಲ್ಲೂ ಕಾಣಲಿಲ್ಲ.

ಇನ್ನೊಂದು ಪರೀಕ್ಷೆ ಇನ್ನೂ ಸುಲಭ. ಗಾಲಿ ತಿರುಗಿಸಿದಾಗ ತಡೆತಡೆದು, ಗಂಟುಗಂಟಾಗಿ ತಿರುಗುತ್ತಿದೆ ಅನ್ನಿ. ಮೋಟಾರಿನ ಕನೆಕ್ಟರ್ ಬಿಚ್ಚಿ ಮತ್ತೆ ತಿರುಗಿಸಿ. ಆಗ ಹಗುರಾದರೆ ಮೋಟಾರಿಗೆ ಏನೂ ಆಗಿಲ್ಲ, ಕಂಟ್ರೋಲರಿನೊಳಗೆ ಕರೆಂಟು ಹಾಕಿ ತೆಗೆಯುವ ಸ್ವಿಚ್ಚಿನಂಥ ಮಾಸ್‌ಫೆಟ್ ಶಾರ್ಟ್ ಆಗಿದೆ. ಬಿಚ್ಚಿದ ಮೇಲೂ ಹಾಗೇ ಇದ್ದರೆ ಮೋಟಾರಿನ ದಪ್ಪ ವೈರುಗಳೇ ಒಂದಕ್ಕೊಂದು ಕೂಡಿಕೊಂಡಿವೆ. ಕಂಟ್ರೋಲರ್ ಕೆಟ್ಟದ್ದಕ್ಕೆ ಮೋಟಾರು ತರಿಸಿ, ಅದನ್ನು ಹಾಕಿದ ಮೇಲೂ ಓಡದೆ, ಮತ್ತೆ ಕಂಟ್ರೋಲರಿಗೆ ಬರೆದು ಕಾದವರನ್ನು ನಾನು ಬಲ್ಲೆ. ಅವರ ಕಾಯುವಿಕೆ ಎರಡರಷ್ಟಾಯಿತು.

ಆ ದಪ್ಪ ವೈರುಗಳು ಕೂಡಿಕೊಳ್ಳುವುದು ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಪ್ಪಿಸಬಹುದಾದ ಸಾವು. ಗಾಲಿ ಮೋಟಾರಿನ ಕೇಬಲ್ ಆಕ್ಸಲ್‌ನ, ಅಂದರೆ ಗಾಲಿಯ ಅಚ್ಚಿನ, ತುದಿಯಲ್ಲಿರುವ ತೂತಿನೊಳಗಿಂದ ಹೊರಗೆ ಬರುತ್ತದೆ. ಆ ಆಕ್ಸಲ್ ಸಾಮಾನ್ಯವಾಗಿ 12 ಮಿಲಿಮೀಟರ್ ದಪ್ಪ, ಎರಡು ಬದಿ ಚಪ್ಪಟೆ ಮಾಡಿ 10 ಮಿಲಿಮೀಟರಿಗೆ ಇಳಿಸಿರುತ್ತಾರೆ. ಮೋಟಾರು ಗಾಲಿಯನ್ನು ಮುಂದಕ್ಕೆ ತಿರುಗಿಸುವಾಗ ಅಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. 40 ನ್ಯೂಟನ್ ಮೀಟರಿನಷ್ಟು ತಿರುಗಿಸುವ ಬಲವನ್ನು ಆ ಸಣ್ಣ ಚಪ್ಪಟೆ ಅಂಚು ತಡೆಯಬೇಕೆಂದರೆ ಅಲ್ಲಿ ನೂರಾರು ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ. ನಟ್ ಸ್ವಲ್ಪ ಸಡಿಲವಿದ್ದರೂ, ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೆ, ದಿನ ಕಳೆದಂತೆ ಅದರಲ್ಲಿ ಆಕ್ಸಲ್ ಕೂರುವ ಸೀಳು ಅಗಲವಾಗುತ್ತದೆ. ಒಂದು ದಿನ ಆಕ್ಸಲ್ ಗರ್ರನೆ ಒಂದು ಸುತ್ತು ತಿರುಗುತ್ತದೆ, ಕೇಬಲ್ ಅದರ ಜೊತೆಯಲ್ಲೇ ಹಿಂಡಿಕೊಂಡು ತುಂಡಾಗುತ್ತದೆ, ದಪ್ಪ ವೈರುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಸಣ್ಣ ವೈರಿಗೂ ತಾಗುತ್ತವೆ. ಬ್ಯಾಟರಿಯ 36 ವೋಲ್ಟ್ 5 ವೋಲ್ಟಿನ ಸೆನ್ಸರುಗಳಿಗೆ ನುಗ್ಗುತ್ತದೆ. ಸೆನ್ಸರ್ ಮೂರೂ ಹೋಗುತ್ತವೆ, ಕಂಟ್ರೋಲರೂ ಹೋಗುತ್ತದೆ. ಟಾರ್ಕ್ ಆರ್ಮ್ ಎಂಬ ಒಂದು ಉಕ್ಕಿನ ಪಟ್ಟಿ ಆಕ್ಸಲ್ಲನ್ನು ಚೌಕಟ್ಟಿಗೆ ಹಿಡಿದಿಟ್ಟಿದ್ದರೆ ಇದಾವುದೂ ಆಗುವುದಿಲ್ಲ. ಅದನ್ನು ಹಾಕದೆ ಕಳಿಸುವ ಸೈಕಲ್ಲುಗಳಿವೆ. ಪಂಕ್ಚರ್ ಹಾಕಿದ ಮೇಲೆ ಅದನ್ನು ಮರೆತು ಮೇಜಿನ ಮೇಲೇ ಬಿಡುವುದೂ ಇದೆ. ಪಂಕ್ಚರ್ ಹಾಕಿಸಿದ ಪ್ರತಿ ಸಲ ಆ ನಟ್ಟನ್ನೂ ಆ ಪಟ್ಟಿಯನ್ನೂ ಕಣ್ಣಾರೆ ನೋಡಿ.

ಇನ್ನು ಶಾಖ. ನನ್ನ ವೃತ್ತಿಯಲ್ಲಿ ಶಾಖದಷ್ಟು ಮೋಟಾರುಗಳನ್ನು ಬೇರೆ ಯಾವುದೂ ಕೊಂದಿಲ್ಲ. 36 ವೋಲ್ಟ್, 15 ಆಂಪಿಯರ್ ಅಂದರೆ 540 ವ್ಯಾಟ್. ಸಮತಟ್ಟು ರಸ್ತೆಯಲ್ಲಿ ಗಾಲಿ ಜೋರಾಗಿ ತಿರುಗುವಾಗ ಅದರ ಬಹುಪಾಲು ತಳ್ಳುವ ಶಕ್ತಿಯಾಗುತ್ತದೆ. ಕಡಿದಾದ ಏರಿನಲ್ಲಿ, ನಡೆಯುವ ವೇಗದಲ್ಲಿ, ಪೆಡಲ್ ಗಟ್ಟಿಯಾಗಿ ತುಳಿಯದೆ ಮೋಟಾರಿನ ಮೇಲೇ ಭಾರ ಹಾಕಿದರೆ ಅರ್ಧದಷ್ಟು ಶಾಖವಾಗಿಬಿಡಬಹುದು. ಅಂದರೆ 270 ವ್ಯಾಟ್. ಬೆಸುಗೆ ಹಾಕುವ 25 ವ್ಯಾಟಿನ ಕಡ್ಡಿಗಳು ಹತ್ತಕ್ಕಿಂತ ಹೆಚ್ಚು ಒಟ್ಟಿಗೆ ಉರಿಯುತ್ತಿವೆ, ಅವನ್ನು ಮುಚ್ಚಿದ ಡಬ್ಬಿಯೊಳಗೆ ಹಾಕಿದ್ದೇವೆ ಅಂದುಕೊಳ್ಳಿ. ಡಬ್ಬಿಗೆ ಕಿಟಕಿಯಿಲ್ಲ, ಗಾಳಿಯಿಲ್ಲ. ಕರೆಂಟು ಎರಡು ಪಟ್ಟಾದರೆ ಕಾಯಿಲಿನ ಶಾಖ ನಾಲ್ಕು ಪಟ್ಟಾಗುತ್ತದೆ. ತಾಮ್ರ 100 ಡಿಗ್ರಿ ಹೆಚ್ಚು ಕಾದರೆ ಅದರ ರೋಧವೂ ಸುಮಾರು ಶೇ. 39ರಷ್ಟು ಏರುತ್ತದೆ, ಅದರಿಂದ ಇನ್ನಷ್ಟು ಶಾಖ. ಕಾಯಿಲಿನ ಮೇಲಿನ ವಾರ್ನಿಷ್ ಮೊದಲು ಕಂದಾಗುತ್ತದೆ, ಆಮೇಲೆ ಕಪ್ಪಾಗುತ್ತದೆ, ಆಮೇಲೆ ಉದುರುತ್ತದೆ.

ಅಯಸ್ಕಾಂತಕ್ಕೂ ಶಾಖ ಆಗದು. ಸಾಧಾರಣ ದರ್ಜೆಯ ನಿಯೋಡಿಮಿಯಮ್ ಅಯಸ್ಕಾಂತ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರು ಮಾಡುತ್ತದೆ, ತಣ್ಣಗಾದ ಮೇಲೂ ಆ ಬಲ ಪೂರ್ತಿ ವಾಪಸ್ ಬರುವುದಿಲ್ಲ. ಇಂಥ ಮೋಟಾರನ್ನು ಗುರುತಿಸುವುದು ವಿಚಿತ್ರ. ಗಾಲಿ ಎತ್ತಿ ಹಿಡಿದು ಓಡಿಸಿದರೆ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ನೆಲಕ್ಕಿಳಿಸಿ ಹತ್ತಿ ಕೂತರೆ ಎಳೆಯುವುದೇ ಇಲ್ಲ. ಜೋರಾಗಿ ತಿರುಗುತ್ತಿದೆಯಲ್ಲ, ಮೋಟಾರು ಚೆನ್ನಾಗಿದೆ ಎಂದು ಕೌಂಟರಿನಲ್ಲಿ ವಾಪಸ್ ಕಳಿಸಿದ ಉದಾಹರಣೆ ನನಗೆ ಗೊತ್ತು. ಏರಿನಲ್ಲಿ ಓಡಿಸಿ ನೋಡಿ ಎಂದು ನೀವು ಹಟ ಹಿಡಿಯಬೇಕು.

ನೀರಿನದ್ದು ಬೇರೆ ಕತೆ. ಸೈಕಲ್ ಮೇಲೆ ಐಪಿಎಕ್ಸ್4 ಎಂದು ಬರೆದಿದ್ದರೆ ಅದರ ಅರ್ಥ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ ಎಂದು. ಒತ್ತಡದ ಪೈಪಿನ ನೀರಿಗೆ, ಮುಳುಗುವ ನೀರಿಗೆ ಆ ಮಾತು ಅನ್ವಯಿಸುವುದಿಲ್ಲ. ಇಷ್ಟು ಎಚ್ಚರ ವಹಿಸಿದರೂ ನೀರು ಒಳಗೆ ಹೋಗುತ್ತದೆ. ಏರು ಹತ್ತಿ ಕಾದ ಮೋಟಾರಿನ ಮೇಲೆ ಮಳೆ ಸುರಿಯಿತೆನ್ನಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಕೇಬಲ್ ಹೊರಬರುವ ಸಂದಿಯಿಂದ ತೇವವನ್ನು ಒಳಗೆ ಹೀರಿಕೊಳ್ಳುತ್ತದೆ. ಹೀರಿದ್ದು ಹೊರಗೆ ಹೋಗುವುದಿಲ್ಲ. ಕೇಬಲ್ ಆಕ್ಸಲಿನಿಂದ ಕೆಳಗೆ ಇಳಿದು ಮತ್ತೆ ಮೇಲಕ್ಕೆ ಹೋಗುವ ಹಾಗೆ ಒಂದು ಬಾಗು ಬಿಟ್ಟಿದ್ದರೆ ನೀರಿನ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಅಷ್ಟು ಸಣ್ಣ ವಿಷಯ.

ಗೇರು ಸವೆಯುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ನೀವೀಗ ಕೈಯಲ್ಲಿ ಹಿಡಿದಿರುವ ಮೋಟಾರಿನೊಳಗೆ ಮೂರು ಬಿಳಿ ಹಲ್ಲುಗಾಲಿಗಳಿವೆ, ನೈಲಾನಿನವು. ಶಬ್ದ ಕಡಿಮೆಯಾಗಲಿ ಎಂದು ನೈಲಾನ್ ಹಾಕುತ್ತಾರೆ. ಅವು ಸವೆಯುವುದು ಸಹಜ, ಅವನ್ನು ಬದಲಿಸುವುದು ಕಷ್ಟವಲ್ಲ. ಪೆಡಲಿನ ಬುಡದಲ್ಲಿ ಕೂರುವ ಮೋಟಾರುಗಳಲ್ಲಿ ಬೇರಿಂಗು, ಒಮ್ಮುಖ ಕ್ಲಚ್ಚು, ತುಳಿಯುವ ಬಲ ಅಳೆಯುವ ಟಾರ್ಕ್ ಸೆನ್ಸರು, ಇವು ಮೂರು ಹೆಚ್ಚು ತೊಂದರೆ ಕೊಡುವವು. ಅವುಗಳಲ್ಲಿ ಬೇರಿಂಗ್ ಎಷ್ಟೋ ಸಲ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುವ ಅಳತೆಯದ್ದೇ. ಆದರೂ ಪೆಟ್ಟಿಗೆ ಮುಚ್ಚಿದೆ, ಒಳಗಿನ ಬಿಡಿಭಾಗ ಮಾರುವುದಿಲ್ಲ, ಕೆಟ್ಟರೆ ಇಡೀ ಮೋಟಾರು ಬದಲು.

ಮೋಟಾರು ಕೆಟ್ಟಿದೆ ಎಂದು ಬರುವುದೆಲ್ಲ ಮೋಟಾರಿನದ್ದಲ್ಲ ಎನ್ನುವುದನ್ನೂ ಹೇಳಬೇಕು. ಬ್ರೇಕ್ ಹಿಡಿದರೆ ಮೋಟಾರಿಗೆ ಕರೆಂಟು ನಿಲ್ಲಿಸುವ ಸ್ವಿಚ್ಚೊಂದು ಲಿವರಿನೊಳಗಿರುತ್ತದೆ. ಪರಿಚಯದವರೊಬ್ಬರು ಏಳು ವಾರ ಹೊಸ ಮೋಟಾರಿಗಾಗಿ ಕಾಯುತ್ತಿದ್ದರು. ಒಂದು ದಿನ ಅವರ ಮನೆಗೆ ಹೋಗಿ ಎಡಗಡೆಯ ಬ್ರೇಕ್ ಲಿವರನ್ನು ಬೆರಳಿನಿಂದ ಹೊರಕ್ಕೆ ತಳ್ಳಿದೆ. ಮೋಟಾರು ಓಡಿತು. ಒಳಗೆ ಮಣ್ಣು ಸೇರಿ ಲಿವರ್ ಕೂದಲೆಳೆಯಷ್ಟು ಒಳಗೇ ನಿಂತುಬಿಟ್ಟಿತ್ತು, ಬ್ರೇಕ್ ಹಿಡಿದೇ ಇದ್ದಾರೆ ಎಂದು ಕಂಟ್ರೋಲರ್ ಭಾವಿಸಿತ್ತು. ಅವರ ಕಣ್ಣಲ್ಲಿ ನೀರು ಬಂತು. ಮೊಣಕಾಲು ನೋವಿನಿಂದ ನಡೆಯಲಾಗದ ಹೆಂಗಸು ಅವರು, ಎಲ್ಲಿಗಾದರೂ ಹೋಗಬೇಕೆಂದರೆ ಆ ಸೈಕಲ್ಲೇ ಗತಿ. ಏಳು ವಾರ ಮನೆಯೊಳಗೇ ಇದ್ದರು. ಒಮ್ಮೆಯಾದರೂ ಯಾರಾದರೂ ಸೈಕಲ್ಲನ್ನು ಮುಟ್ಟಿ ನೋಡಿದ್ದರೆ ಸಾಕಿತ್ತು.

ಪೆಡಲಿನ ಬಳಿಯ ಅಯಸ್ಕಾಂತದ ಬಿಲ್ಲೆ ಜರುಗಿರಬಹುದು, ಗಾಲಿಯ ಕಡ್ಡಿಗೆ ಕಟ್ಟಿದ ವೇಗದ ಸೆನ್ಸರಿನ ಅಯಸ್ಕಾಂತ ತಿರುಗಿರಬಹುದು, ಕನೆಕ್ಟರಿನ ಒಂದು ಪಿನ್ ಬಾಗಿರಬಹುದು. ಮೊದಲು ಇವನ್ನು ನೋಡಿ.

ಈಗ ವಾರಂಟಿಯ ರಿಪೇರಿ ಏಕೆ ಇಷ್ಟು ನಿಧಾನ ಎಂಬ ಪ್ರಶ್ನೆ. ನಾನು ಸರ್ವಿಸ್ ಕೇಂದ್ರದ ಹುಡುಗರನ್ನು ದೂರುವುದಿಲ್ಲ. ಅವರ ಜೊತೆ ಕೂತು ಮಾತಾಡಿದ್ದೇನೆ. ವಾರಂಟಿ ಕೆಲಸಕ್ಕೆ ಕಂಪನಿ ಅವರಿಗೆ ಕೊಡುವುದು ಗೊತ್ತುಮಾಡಿದ ಒಂದು ಮೊತ್ತ, ತಪ್ಪು ಹುಡುಕಲು ಅರ್ಧ ದಿನ ಹಿಡಿದರೂ ಅಷ್ಟೇ. ಹಾಗಾಗಿ ಹುಡುಕುವ ಕೆಲಸ ನಷ್ಟದ ಕೆಲಸವಾಗುತ್ತದೆ, ದೊಡ್ಡ ಭಾಗವನ್ನೇ ಬದಲಿಸುವುದು ಸುಲಭವಾಗುತ್ತದೆ. ದೊಡ್ಡ ಭಾಗ ದುಬಾರಿ. ದುಬಾರಿಯಾದ್ದರಿಂದ ಯಾರೂ ಹೆಚ್ಚು ದಾಸ್ತಾನು ಇಡುವುದಿಲ್ಲ. ಕೇಂದ್ರ ಆಮದುದಾರನನ್ನು ಕೇಳುತ್ತದೆ, ಆಮದುದಾರ ಸೈಕಲ್ ಕಂಪನಿಯನ್ನು, ಸೈಕಲ್ ಕಂಪನಿ ಮೋಟಾರು ಮಾಡುವ ಕಾರ್ಖಾನೆಯನ್ನು. ಒಬ್ಬೊಬ್ಬರ ಬಳಿಯೂ ಅನುಮೋದನೆಗೆ ಕಾಯಬೇಕು. ಅಷ್ಟರಲ್ಲಿ ಹೊಸ ವರ್ಷದ ಮಾದರಿ ಬಂದಿರುತ್ತದೆ, ಹಳೆಯ ಮಾದರಿಯ ಕನೆಕ್ಟರ್ ಬೇರೆಯಾಗಿರುತ್ತದೆ. ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಕೆಲಸ ಮಾಡಿರುತ್ತಾರೆ. ಸವಾರ ಮಾತ್ರ ನಡೆಯುತ್ತಿರುತ್ತಾನೆ.

ಕೆಟ್ಟದ್ದು ಮೋಟಾರೋ ಬ್ಯಾಟರಿಯೋ ಎಂದು ಗೊತ್ತಾಗದೆ ಇಡೀ ಸೈಕಲ್ಲನ್ನು ಕಳಿಸಿ ಎಂದರೆ ಇನ್ನೊಂದು ಕಗ್ಗಂಟು. ಲಿಥಿಯಂ ಅಯಾನ್ ಬ್ಯಾಟರಿ ಸಾಗಣೆಯ ನಿಯಮದಲ್ಲಿ ಒಂಬತ್ತನೆಯ ವರ್ಗದ ಅಪಾಯಕಾರಿ ಸರಕು. ಬಿಡಿ ಬ್ಯಾಟರಿಯ ಮೇಲೆ ಯುಎನ್ 3480 ಎಂಬ ಗುರುತಿರಬೇಕು. 2016ರ ಏಪ್ರಿಲ್ 1ರಿಂದ ಪ್ರಯಾಣಿಕರ ವಿಮಾನದಲ್ಲಿ ಅದನ್ನು ಸರಕಾಗಿ ಸಾಗಿಸುವಂತಿಲ್ಲ, ಸರಕು ವಿಮಾನದಲ್ಲಾದರೂ ಚಾರ್ಜ್ ಶೇ. 30ರ ಒಳಗಿರಬೇಕು. ಹಾನಿಯಾದ ಅಥವಾ ದೋಷವಿರುವ ಬ್ಯಾಟರಿಗೆ ವಿಮಾನವೇ ಇಲ್ಲ. ಈ ನಿಯಮಗಳು ಬೇಕು, ಬ್ಯಾಟರಿ ಹೊತ್ತಿಕೊಂಡರೆ ಏನಾಗುತ್ತದೆ ಎಂದು ನನಗೆ ಗೊತ್ತು. ಆದರೆ ಸ್ಥಳದಲ್ಲೇ ಹತ್ತು ನಿಮಿಷ ಪರೀಕ್ಷೆ ಮಾಡಿದ್ದರೆ ಬ್ಯಾಟರಿಯನ್ನು ಕದಲಿಸುವ ಅಗತ್ಯವೇ ಬರುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಕಾನೂನು ಏನು ಹೇಳುತ್ತದೆ? ಐರೋಪ್ಯ ಒಕ್ಕೂಟದ 2019ರ ಮಾರಾಟ ನಿರ್ದೇಶನದ ಪ್ರಕಾರ ವಸ್ತು ಕೈಸೇರಿದ ಮೇಲೆ ಕನಿಷ್ಠ 2 ವರ್ಷ ಮಾರಿದವರು ಹೊಣೆ. ಮೊದಲ ವರ್ಷದಲ್ಲಿ ದೋಷ ಕಂಡರೆ ಅದು ಮೊದಲಿನಿಂದಲೇ ಇತ್ತು ಎಂದು ಭಾವಿಸಬೇಕು, ಇರಲಿಲ್ಲ ಎಂದು ತೋರಿಸುವ ಭಾರ ಮಾರಿದವರದ್ದು. ರಿಪೇರಿ ಉಚಿತವಾಗಿ, ತಕ್ಕಷ್ಟು ಕಾಲದೊಳಗೆ, ಕೊಂಡವರಿಗೆ ಹೆಚ್ಚಿನ ತೊಂದರೆಯಾಗದಂತೆ ಆಗಬೇಕು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ಒಂದು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ವಸ್ತುವನ್ನು ಹಿಂದಿರುಗಿಸುವ ಅಥವಾ ಬೆಲೆ ಇಳಿಸಿ ಕೇಳುವ ಹಕ್ಕಿದೆ. ಒಳ್ಳೆಯದೇ. ಆದರೆ ತಕ್ಕಷ್ಟು ಕಾಲ ಎಂದರೆ ಎಷ್ಟು ದಿನ? ಐರೋಪ್ಯ ನಿರ್ದೇಶನ ಅಲ್ಲಿ ಅಂಕಿ ಬರೆದಿಲ್ಲ. ನನ್ನ ಇಡೀ ದೂರು ಆ ಖಾಲಿ ಜಾಗದ ಮೇಲೆ ನಿಂತಿದೆ. ವಾರಂಟಿ ಕಾರ್ಡಿನಲ್ಲಿ ವರ್ಷವನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ, ದಿನವನ್ನು ಬರೆಯುವುದೇ ಇಲ್ಲ. ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಬದುಕುವುದು ದಿನದ ಲೆಕ್ಕದಲ್ಲಿ.

ಒಂದಿಷ್ಟು ಬದಲಾವಣೆ ಬರುತ್ತಿದೆ. 2024ರಲ್ಲಿ ಐರೋಪ್ಯ ಒಕ್ಕೂಟ ರಿಪೇರಿಯನ್ನು ಉತ್ತೇಜಿಸುವ ನಿರ್ದೇಶನ ತಂದಿತು, ಅದು ಅನ್ವಯವಾಗುವ ದಿನ 2026ರ ಜುಲೈ 31. ಹೊಣೆಗಾರಿಕೆಯ ಅವಧಿಯಲ್ಲಿ ಬದಲಿ ವಸ್ತು ಕೇಳದೆ ರಿಪೇರಿಯನ್ನೇ ಆರಿಸಿಕೊಂಡವರಿಗೆ ಆ ಅವಧಿ 12 ತಿಂಗಳು ಹೆಚ್ಚಾಗುತ್ತದೆ. ಬ್ಯಾಟರಿಗೆ ಸಂಬಂಧಿಸಿದ 2023ರ ನಿಯಮಾವಳಿಯಂತೆ, 2027ರ ಫೆಬ್ರವರಿ 18ರಿಂದ ಎಲೆಕ್ಟ್ರಿಕ್ ಸೈಕಲ್‌ಗಳಂಥ ಹಗುರ ವಾಹನಗಳ ಬ್ಯಾಟರಿಯನ್ನು ಕಂಪನಿಗೆ ಸೇರದ ಪರಿಣತರೂ ತೆಗೆದು ಬದಲಿಸುವಂತಿರಬೇಕು. ಮೋಟಾರಿನ ಒಳಭಾಗದ ಬಗ್ಗೆಯೂ ಇಷ್ಟೇ ಸ್ಪಷ್ಟವಾಗಿ ಬರೆದರೆ ನನಗೆ ನೆಮ್ಮದಿ.

ಕಂಪನಿಯೇ ಮುಳುಗಿದರೆ ವಾರಂಟಿಯ ಗತಿ ಏನು ಎನ್ನುವುದನ್ನೂ ಜಗತ್ತು ನೋಡಿದೆ. ನೆದರ್‌ಲ್ಯಾಂಡ್ಸ್‌ನ ವ್ಯಾನ್‌ಮೂಫ್ 2023ರ ಜುಲೈನಲ್ಲಿ ದಿವಾಳಿಯಾಯಿತು. ಅದರ ಸೈಕಲ್ಲುಗಳ ಬಿಡಿಭಾಗಗಳಲ್ಲಿ ಹೆಚ್ಚಿನವು ಅದಕ್ಕೇ ವಿಶೇಷವಾದವು, ಬೇರೆಡೆ ಸಿಗುವಂಥವಲ್ಲ. ಸೈಕಲ್ಲು ಫೋನಿನ ಆ್ಯಪ್ ಜೊತೆ ಮಾತಾಡಬೇಕಾದರೆ ಒಂದು ಗುಪ್ತ ಕೀಲಿ ಬೇಕು, ಆ ಕೀಲಿ ಕಂಪನಿಯ ಸರ್ವರಿನಲ್ಲಿತ್ತು. ಸರ್ವರ್ ನಿಂತರೆ ಗತಿಯೇನು ಎಂದು ಸವಾರರು ಕಂಗಾಲಾದರು. ಆಗ ಪೈಪೋಟಿಯ ಕಂಪನಿಯಾದ ಕೌಬಾಯ್, ಸವಾರರು ತಮ್ಮ ಕೀಲಿಯನ್ನು ತಮ್ಮ ಫೋನಿಗೆ ಇಳಿಸಿಕೊಳ್ಳಲು ಬೈಕಿ ಎಂಬ ಆ್ಯಪ್ ಮಾಡಿ ಕೊಟ್ಟಿತು. ಆಗಸ್ಟ್ ಕೊನೆಯಲ್ಲಿ ವ್ಯಾನ್‌ಮೂಫನ್ನು ಬೇರೆಯವರು ಕೊಂಡರು. ಅಷ್ಟು ದಿನ ಆ ಸೈಕಲ್ಲುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಸರ್ವಿಸ್ ಎಲ್ಲ ಒಂದೇ ಬಾಗಿಲಿನಲ್ಲಿ ನಡೆಯುವಾಗ ಆ ಬಾಗಿಲು ಮುಚ್ಚಿದರೆ ಹೀಗೇ ಆಗುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಹಾಲ್ ಸೆನ್ಸರುಗಳನ್ನು ಒಂದು ಸಣ್ಣ ಬೋರ್ಡಿನ ಮೇಲೆ ಕೂರಿಸಿ, ಆ ಬೋರ್ಡನ್ನು ಪ್ಲಗ್ ಹಾಕಿ ತೆಗೆಯುವ ಹಾಗೆ ಮಾಡಿ. ಆ ಬೋರ್ಡು, ಗೇರು, ಬೇರಿಂಗು, ಸೀಲು, ಕೇಬಲ್ಲು, ಇಷ್ಟನ್ನು ಬಿಡಿಯಾಗಿ ಮಾರಿ. ಬೋಲ್ಟ್ ಬಿಗಿಯಬೇಕಾದ ಬಲ ಎಷ್ಟು ಎಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿ. ಎರ್ರರ್ ಕೋಡಿನ ಅರ್ಥವನ್ನು ಗುಟ್ಟು ಮಾಡಬೇಡಿ. ವಾರಂಟಿ ರಿಪೇರಿ ಎರಡು ವಾರ ದಾಟಿದರೆ ಸವಾರರಿಗೆ ಓಡುವ ಗಾಲಿಯೊಂದನ್ನು ಎರವಲು ಕೊಡಿ. ಪೆಡಲಿನ ಬುಡದ ಮೋಟಾರಿಗೆ ಇದು ಕಷ್ಟವೆಂದು ಒಪ್ಪುತ್ತೇನೆ, ಗಾಲಿ ಮೋಟಾರಿಗೆ ಏನೇನೂ ಕಷ್ಟವಿಲ್ಲ, ನಟ್ ಎರಡೇ.

ಸವಾರರಿಗೂ ಎರಡು ಮಾತು. ಮೋಟಾರು ಕೆಟ್ಟ ದಿನವೇ ಬರೆದು ದೂರು ಕೊಡಿ, ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ದಿನಾಂಕ, ಎಷ್ಟು ಕಿಲೋಮೀಟರ್ ಓಡಿದೆ, ಡಿಸ್‌ಪ್ಲೇಯಲ್ಲಿ ಯಾವ ಅಂಕಿ ತೋರಿಸಿತು, ಶಬ್ದ ಹೇಗಿತ್ತು, ಎಲ್ಲ ಬರೆಯಿರಿ. ಶಬ್ದ ಕೇಳುವ ಹಾಗೆ ವಿಡಿಯೋ ಮಾಡಿ, ಇನ್ನೊಂದು ದಿನ ಅದೇ ತಪ್ಪು ಕಾಣಿಸದೆ ಹೋಗಬಹುದು. ಅನುಮತಿ ಇಲ್ಲದೆ ಮುಚ್ಚಳ ಬಿಚ್ಚಬೇಡಿ, ಆದರೆ ಹೊರಗಿನಿಂದ ಮಾಡುವ ಪರೀಕ್ಷೆಗಳನ್ನು ಮಾಡಿ, ಅಳತೆಯನ್ನು ಬರೆದು ಕಳಿಸಿ. ವೇಗದ ಮಿತಿ ಮುರಿಯುವ ಉಪಕರಣ ಹಾಕಬೇಡಿ. ಹಲವು ಮೋಟಾರುಗಳ ನೆನಪಿನಲ್ಲಿ ಅದರ ಗುರುತು ಉಳಿಯುತ್ತದೆ, ಆಮೇಲೆ ನಿಜವಾದ ದೋಷಕ್ಕೂ ವಾರಂಟಿ ಸಿಗುವುದಿಲ್ಲ. ಹೊಸದು ಕೊಳ್ಳುವಾಗ ವ್ಯಾಟ್ ಕೇಳುವ ಮೊದಲು, ಈ ಮೋಟಾರಿನ ಬಿಡಿಭಾಗ ಈಗ ಎಲ್ಲಿದೆ, ಬರಲು ಎಷ್ಟು ದಿನ ಎಂದು ಕೇಳಿ. ಉತ್ತರವನ್ನು ಬರೆದುಕೊಡಲು ಹೇಳಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಮಳೆಗಾಲದಲ್ಲಿ ಓಡಿಸಲೇಬಾರದೇ ಎಂದು ಒಬ್ಬರು ಕೇಳಿದರು. ಓಡಿಸಿ, ತೊಳೆಯುವಾಗ ಒತ್ತಡದ ಪೈಪು ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಎಂದೆ. ಸೆನ್ಸರ್ ಇಲ್ಲದೆ ಓಡಿಸುವ ಕಂಟ್ರೋಲರುಗಳೂ ಇವೆಯಲ್ಲ ಎಂದು ಇನ್ನೊಬ್ಬರು ನೆನಪಿಸಿದರು. ಇವೆ. ಅಯಸ್ಕಾಂತ ತಿರುಗುವಾಗ ಕಾಯಿಲಿನಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜ್ ನೋಡಿ ಅದರ ಜಾಗ ಲೆಕ್ಕ ಹಾಕುತ್ತವೆ. ನಿಂತ ಗಾಲಿಯಲ್ಲಿ ಆ ವೋಲ್ಟೇಜ್ ಇರುವುದಿಲ್ಲ, ಹಾಗಾಗಿ ಹೊರಡುವಾಗ ಒಂದೆರಡು ತುಳಿತ ನಾವೇ ತುಳಿಯಬೇಕು. ನಡುದಾರಿಯಲ್ಲಿ ಸೆನ್ಸರ್ ಸತ್ತರೂ ಮನೆ ಮುಟ್ಟಿಸಬಲ್ಲವು. ಸೆನ್ಸರ್ ಸತ್ತಾಗ ತಾನಾಗಿಯೇ ಆ ಬಗೆಗೆ ಬದಲಾಗುವ ಕಂಟ್ರೋಲರನ್ನೇ ಎಲ್ಲರೂ ಹಾಕಬಾರದೇಕೆ ಎಂದು ನಾನೂ ಕೇಳುತ್ತಲೇ ಇದ್ದೇನೆ.

ಕೊನೆಯಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು, ಆ ಮೋಟಾರು ಈಗ ತಿರುಗುತ್ತದೆಯೇ ಎಂದಳು. ಬ್ಯಾಟರಿ ತಂದಿದ್ದೆ. ಮುಚ್ಚಳ ಮುಚ್ಚಿ, ಆಕ್ಸಲ್ಲನ್ನು ಮೇಜಿನ ಅಂಚಿನ ವೈಸಿಗೆ ಬಿಗಿದು, ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ನಿಲ್ಲಲು ಹೇಳಿ ಸ್ವಿಚ್ ಒತ್ತಿದೆ. ಸಣ್ಣಗೆ ಗುಂಯ್ ಎನ್ನುತ್ತ ತಿರುಗಿತು. ನಿಲ್ಲಿಸಿ, ಕನೆಕ್ಟರಿನಿಂದ ಹಸಿರು ವೈರಿನ ಪಿನ್ ಒಂದನ್ನು ಹಿಂದಕ್ಕೆ ಎಳೆದು ಮತ್ತೆ ಒತ್ತಿದೆ. ಮೋಟಾರು ಗಡಗಡ ನಡುಗಿತು, ಮೇಜು ಕೂಡ ನಡುಗಿತು. ತಕ್ಷಣ ಸ್ವಿಚ್ ಬಿಟ್ಟೆ, ಹಾಗೆ ಹೆಚ್ಚು ಹೊತ್ತು ಓಡಿಸಿದರೆ ಕಂಟ್ರೋಲರ್ ಸುಡುತ್ತದೆ. ಇನ್ನೊಮ್ಮೆ ಕೇಳಿಸಿ ಎಂದರು. ಫೋನುಗಳನ್ನು ಹತ್ತಿರ ತರಲು ಹೇಳಿ, ಅವರು ರೆಕಾರ್ಡ್ ಮಾಡಿಕೊಳ್ಳುವ ಹಾಗೆ ಇನ್ನೊಮ್ಮೆ ಒಂದೇ ಕ್ಷಣ ಒತ್ತಿದೆ.